ಲೋಹದ ಮೇಲಿನ ಅಂಟಿನ ಕಲೆ: ಹೊಳಪು ಕೆಡದಂತೆ ತೆಗೆಯಲು ಯಾವುದು ಸರಿ?

ಹೊಸ ಸ್ಟೀಲ್ ಡಬ್ಬಿಯ ಲೇಬಲ್ ಕೀಳಲು ಹೋದರೆ ಅರ್ಧ ಕಾಗದ ಕೈಗೆ ಬರುತ್ತದೆ, ಇನ್ನರ್ಧ ಡಬ್ಬಿಯಲ್ಲೇ ಉಳಿಯುತ್ತದೆ. ಅದನ್ನೂ ಉಗುರಿನಿಂದ ಕೆರೆದು ತೆಗೆದರೆ ಅಡಿಯಲ್ಲಿ ಜಿಗುಟು. ಎರಡು ದಿನ ಬಿಟ್ಟು ನೋಡಿದರೆ ಅದರ ಮೇಲೆ ಧೂಳು ಕೂತು ಕಪ್ಪು ಚೌಕ ಎದ್ದು ಕಾಣುತ್ತದೆ. ಕೇಳಿದರೆ ಒಬ್ಬರು ಎಣ್ಣೆ ಹಚ್ಚಿ ಅನ್ನುತ್ತಾರೆ, ಇನ್ನೊಬ್ಬರು ಸೀಮೆಎಣ್ಣೆ ಅನ್ನುತ್ತಾರೆ, ಮತ್ತೊಬ್ಬರು ನೈಲ್ ಪಾಲಿಶ್ ರಿಮೂವರ್ ಅನ್ನುತ್ತಾರೆ. ಅವರವರ ಪಾತ್ರೆಗೆ ಅದು ಸರಿಯಾಗಿಯೇ ಕೆಲಸ ಮಾಡಿರುತ್ತದೆ. ನಿಮ್ಮ ಕೈಯಲ್ಲಿರುವ ವಸ್ತುವಿಗೆ ಯಾವುದು ಸರಿ ಅನ್ನುವುದು ಬೇರೆಯೇ ಪ್ರಶ್ನೆ.

ನನಗೆ ಇದು ಅರ್ಥವಾದದ್ದು ಒಂದು ನೀರಿನ ಬಾಟಲಿ ಕೆಟ್ಟ ಮೇಲೆ. ಕಡು ನೀಲಿ ಬಣ್ಣದ ಲೋಹದ ಬಾಟಲಿ, ಅದರ ಮೇಲೊಂದು ಹಳೆಯ ಸ್ಟಿಕ್ಕರ್. ಹತ್ತಿಗೆ ಅಸಿಟೋನ್ (ನೈಲ್ ಪಾಲಿಶ್ ರಿಮೂವರ್‌ನಲ್ಲಿ ಸಾಮಾನ್ಯವಾಗಿ ಇರುವ ದ್ರವ) ಹಾಕಿ ಒರೆಸಿದೆ. ಅಂಟು ಒಂದೇ ನಿಮಿಷಕ್ಕೆ ಹೋಯಿತು, ಆದರೆ ಹತ್ತಿ ನೀಲಿಯಾಯಿತು. ಬಾಟಲಿಯ ಮೇಲೆ ಹೆಬ್ಬೆರಳಗಲದ ಮಂಕು ಮಚ್ಚೆ ಉಳಿಯಿತು. ಅದೇ ಅಸಿಟೋನನ್ನು ಹಿಂದಿನ ವಾರ ಸ್ಟೀಲ್ ಸಿಂಕಿನ ಮೇಲೆ ಬಳಸಿದ್ದೆ, ಅಲ್ಲಿ ಏನೂ ಆಗಿರಲಿಲ್ಲ. ನಾನು ಅಂಟನ್ನು ನೋಡಿ ಮದ್ದು ಆರಿಸಿದ್ದೆ. ಲೋಹದ ಮೇಲಿರುವ ಪದರವನ್ನು ನೋಡಿ ಆರಿಸಬೇಕಿತ್ತು. ಈ ಇಡೀ ಬರಹ ಆ ಒಂದು ಮಾತಿನ ಮೇಲೆ ನಿಂತಿದೆ.

ಮೊದಲು ಮೇಲ್ಪದರ ಯಾವುದೆಂದು ನೋಡಿ

ಲೋಹ ಅಂತ ನಾವು ಮುಟ್ಟುವುದು ಎಷ್ಟೋ ಸಲ ಲೋಹವೇ ಆಗಿರುವುದಿಲ್ಲ. ಮೇಲೆ ಬಣ್ಣವೋ, ವಾರ್ನಿಷ್ಷೋ, ಇನ್ನೊಂದು ಲೋಹದ ತೆಳು ಪೂಸೋ ಇರುತ್ತದೆ. ಅಂಟು ಕರಗಿಸುವ ದ್ರವಗಳಲ್ಲಿ ಹೆಚ್ಚಿನವು ಬರಿಯ ಲೋಹಕ್ಕೆ ಏನೂ ಮಾಡುವುದಿಲ್ಲ. ಏಟು ಬೀಳುವುದೆಲ್ಲ ಈ ಪದರಕ್ಕೆ.

ಬರಿಯ ಸ್ಟೇನ್‌ಲೆಸ್ ಸ್ಟೀಲ್ ಗಟ್ಟಿ ಜೀವ. ಅದರಲ್ಲಿ ಕನಿಷ್ಠ 10.5 ಶೇಕಡಾ ಕ್ರೋಮಿಯಂ ಇರುತ್ತದೆ. ಆ ಕ್ರೋಮಿಯಂ ಗಾಳಿಯ ಜೊತೆ ಸೇರಿ ಕಣ್ಣಿಗೆ ಕಾಣದ ಪದರ ಕಟ್ಟಿಕೊಳ್ಳುತ್ತದೆ, ಗೀಚಿದರೆ ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ. ಹಾಗಾಗಿ ಅಂಟು ಕರಗಿಸುವ ದ್ರವಗಳಿಗೆ ಹೆದರಬೇಕಿಲ್ಲ. ಇಲ್ಲಿ ಹೆದರಬೇಕಾದ್ದು ಗೀರಿಗೆ. ಕನ್ನಡಿಯಂತೆ ಹೊಳೆಯುವ ಸ್ಟೀಲಿನ ಮೇಲೆ ಒಂದು ಒರಟು ಸ್ಕ್ರಬ್ಬರ್ ಎಳೆದರೂ ಗೆರೆ ಉಳಿಯುತ್ತದೆ. ಸಣ್ಣ ಗೆರೆಗಳ ವಿನ್ಯಾಸವಿರುವ ಸ್ಟೀಲ್ ಆದರೆ ಆ ಗೆರೆಗಳು ಹೋಗುವ ದಿಕ್ಕಿನಲ್ಲೇ ಒರೆಸಬೇಕು. ಅಡ್ಡ ತಿಕ್ಕಿದರೆ ಬೆಳಕು ಬಿದ್ದಾಗಲೆಲ್ಲ ಆ ಜಾಗ ಬೇರೆಯಾಗಿ ಕಾಣುತ್ತದೆ. ಇನ್ನೊಂದು ವಿಷಯ. ಫ್ರಿಜ್‌ನಂಥ ಉಪಕರಣಗಳ ಬಾಗಿಲಿಗೆ ಬೆರಳಚ್ಚು ಕೂರದಂತೆ ತೆಳು ಲೇಪನ ಕೊಟ್ಟಿರಬಹುದು. ಅದು ನೋಡಲು ಸ್ಟೀಲ್, ನೀವು ಮಾತ್ರ ಅದನ್ನು ಬಣ್ಣ ಹೊಡೆದ ವಸ್ತುವಿನಂತೆ ನೋಡಿಕೊಳ್ಳಿ.

ಕ್ರೋಮ್ ಪೂಸಿದ ನಲ್ಲಿ, ಹಿಡಿಕೆಗಳ ಮೇಲಿನ ಕ್ರೋಮ್ ತುಂಬಾ ಗಟ್ಟಿ, ಆದರೆ ತುಂಬಾ ತೆಳು. ಅಲಂಕಾರದ ಕ್ರೋಮ್ ಸಾಮಾನ್ಯವಾಗಿ 1 ಮೈಕ್ರಾನ್‌ಗಿಂತ ಕಡಿಮೆ ದಪ್ಪ. ನಮ್ಮ ಕೂದಲು ಸುಮಾರು 70 ಮೈಕ್ರಾನ್ ಇರುತ್ತದೆ ಅಂದರೆ ಲೆಕ್ಕ ಹಾಕಿಕೊಳ್ಳಿ. ಅಂಟು ಕರಗಿಸುವ ದ್ರವಗಳು ಅದಕ್ಕೇನೂ ಮಾಡವು, ಉಜ್ಜುವ ಪುಡಿ ಬೇಡ. ಚಿನ್ನ, ಬೆಳ್ಳಿಯ ಪೂಸು ಇರುವ ವಸ್ತುಗಳ ಕಥೆ ಇನ್ನೂ ನಾಜೂಕು. ಅಲ್ಲಿ ಪೂಸು ಮೆತ್ತಗಿನ ಲೋಹದ್ದೇ ಆದ್ದರಿಂದ ಜೋರಾಗಿ ತಿಕ್ಕಿದರೆ ಸವೆದೇ ಹೋಗುತ್ತದೆ.

ಅಲ್ಯೂಮಿನಿಯಂ ವಿಷಯದಲ್ಲಿ ಜನ ಜಾಸ್ತಿ ಎಡವುತ್ತಾರೆ. ಲ್ಯಾಪ್‌ಟಾಪ್ ಮುಚ್ಚಳ, ಕ್ಯಾಮೆರಾ ಸ್ಟ್ಯಾಂಡ್, ಬಣ್ಣ ಬಣ್ಣದ ಟಾರ್ಚ್ ಇವೆಲ್ಲ ಸಾಮಾನ್ಯವಾಗಿ ಅನೋಡೈಸ್ ಮಾಡಿದ ಅಲ್ಯೂಮಿನಿಯಂ. ಅಂದರೆ ಅಲ್ಯೂಮಿನಿಯಂ ಆಕ್ಸೈಡನ್ನೇ ವಿದ್ಯುತ್ತಿನಿಂದ ದಪ್ಪ ಬೆಳೆಸಿರುತ್ತಾರೆ, ಸಾಮಾನ್ಯವಾಗಿ 5ರಿಂದ 25 ಮೈಕ್ರಾನ್. ಗೀರಿಗೆ ಅದು ಬಗ್ಗುವುದಿಲ್ಲ, ಆಲ್ಕೋಹಾಲ್‌ಗೂ ಬಗ್ಗುವುದಿಲ್ಲ. ಆದರೆ ಖಾರವಾದ ಕ್ಷಾರಕ್ಕೆ, ಆಮ್ಲಕ್ಕೆ ಕರಗುತ್ತದೆ. ಒಲೆ ತೊಳೆಯುವ ಕ್ಲೀನರ್, ಪಾತ್ರೆ ತೊಳೆಯುವ ಯಂತ್ರದ ಪುಡಿ ಇಂಥವು ತಾಗಿದರೆ ಬಿಳಿಚಿಕೊಂಡು ಮಂಕಾಗುತ್ತದೆ. ಅನೋಡೈಸ್ ಹೌದೋ ಅಲ್ಲವೋ ತಿಳಿಯಬೇಕಾ? ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ ಎರಡೂ ಕಡ್ಡಿಗಳನ್ನು ಮೆಲ್ಲಗೆ ಮೇಲ್ಮೈಗೆ ತಾಗಿಸಿ. ಆ ಪದರ ವಿದ್ಯುತ್ ಹರಿಯಲು ಬಿಡುವುದಿಲ್ಲ. ಬರಿಯ ಅಲ್ಯೂಮಿನಿಯಂ ಬಿಡುತ್ತದೆ.

ಹಿತ್ತಾಳೆ, ತಾಮ್ರದ ಅಲಂಕಾರದ ವಸ್ತುಗಳ ಮೇಲೆ ಪಾರದರ್ಶಕ ಲ್ಯಾಕರ್ ಇರಬಹುದು. ತಿಂಗಳುಗಟ್ಟಲೆ ಪಾಲಿಶ್ ಮಾಡದೆಯೂ ಹೊಳೆಯುತ್ತಿದೆ ಎಂದರೆ ಲ್ಯಾಕರ್ ಇದೆ ಎಂದೇ ತಿಳಿಯಿರಿ. ಅಸಿಟೋನ್, ಥಿನ್ನರ್ ಎರಡೂ ಅದನ್ನು ಎಬ್ಬಿಸುತ್ತವೆ. ಲ್ಯಾಕರ್ ಹೋದ ಜಾಗ ಕೆಲವೇ ವಾರಗಳಲ್ಲಿ ಕಪ್ಪಾಗುತ್ತದೆ.

ಬಣ್ಣ, ಪೌಡರ್ ಕೋಟಿಂಗ್ (ಪುಡಿ ರೂಪದಲ್ಲಿ ಸಿಂಪಡಿಸಿ ಬಿಸಿಯಲ್ಲಿ ಗಟ್ಟಿ ಮಾಡಿದ ಬಣ್ಣ), ಮುದ್ರಿಸಿದ ಅಕ್ಷರ ಇರುವ ವಸ್ತುಗಳು ಎಲ್ಲಕ್ಕಿಂತ ನಾಜೂಕು.

ಯಾವ ಪದರ ಎಂದು ಗೊತ್ತೇ ಆಗದಿದ್ದರೆ ಒಂದು ದಾರಿ ಇದೆ. ತಳದಲ್ಲೋ ಹಿಂಬದಿಯಲ್ಲೋ ಕಾಣದ ಜಾಗ ಆರಿಸಿ. ಬಿಳಿ ಬಟ್ಟೆಯ ತುದಿಗೆ ದ್ರವ ಹಾಕಿ 5 ನಿಮಿಷ ಒತ್ತಿಡಿ, ಆಮೇಲೆ ಮೆಲ್ಲಗೆ ಒರೆಸಿ. ಬಟ್ಟೆಗೆ ಬಣ್ಣ ಬಂದರೆ, ಆ ಜಾಗ ಬೆರಳಿಗೆ ಮೆತ್ತಗೆ ಅನ್ನಿಸಿದರೆ, ಒಣಗಿದ ಮೇಲೆ ಮಂಕಾದರೆ ಆ ದ್ರವ ಬೇಡ. ಬಿಳಿ ಬಟ್ಟೆಯೇ ಯಾಕೆ ಅಂದರೆ ಬಣ್ಣದ ಬಟ್ಟೆಯಲ್ಲಿ ಯಾರ ಬಣ್ಣ ಯಾರದು ಗೊತ್ತಾಗುವುದಿಲ್ಲ.

ಆಮೇಲೆ ಅಂಟಿನ ಬಗೆ

ಎಲ್ಲ ಅಂಟೂ ಒಂದೇ ಅಲ್ಲ. ಕೆಲವು ಕಾಗದದ ಲೇಬಲ್‌ಗಳ ಅಂಟು ನೀರಿಗೇ ಕರಗುವಂಥದ್ದು. ಬಿಸಿ ನೀರಿನಲ್ಲಿ ನೆನೆಸಿದರೆ ತಾನೇ ಜಾರುತ್ತದೆ. ಅಲ್ಲಿಗೆ ಕೆಲಸ ಮುಗಿಯಿತು.

ಉಳಿದ ಸ್ಟಿಕ್ಕರ್, ಟೇಪುಗಳಲ್ಲಿ ಮುಖ್ಯವಾಗಿ ಎರಡು ಬಗೆ ಸಿಗುತ್ತವೆ. ಒಂದು ರಬ್ಬರಿನದು. ಹಳೆಯದಾದಂತೆ ಇದು ಹಳದಿಗೆ ತಿರುಗುತ್ತದೆ, ಬಿಸಿಲಿಗೆ ಒಣಗಿ ಗಟ್ಟಿಯಾಗುತ್ತದೆ. ಎಣ್ಣೆ, ಸೀಮೆಎಣ್ಣೆ ಜಾತಿಯ ದ್ರವಕ್ಕೆ ಬೇಗ ಸೋಲುತ್ತದೆ. ಇನ್ನೊಂದು ಅಕ್ರಿಲಿಕ್. ಇದು ವರ್ಷಗಳಾದರೂ ತಿಳಿಯಾಗಿಯೇ ಇರುತ್ತದೆ, ಬಿಸಿಲಿಗೂ ತಡೆಯುತ್ತದೆ, ಎಣ್ಣೆಗೆ ಅಷ್ಟು ಬೇಗ ಜಗ್ಗುವುದಿಲ್ಲ. ಇದಕ್ಕೆ ಆಲ್ಕೋಹಾಲ್ ವಾಸಿ. ಹಾಗಾಗಿ ಕಲೆ ಹಳದಿಯೋ ತಿಳಿಯೋ ಎಂದು ಒಮ್ಮೆ ನೋಡಿದರೆ ಅರ್ಧ ದಾರಿ ಸವೆಸಿದಂತೆ. ಎಣ್ಣೆ ಹಚ್ಚಿ ಅರ್ಧ ಗಂಟೆ ಕಾದರೂ ಅಂಟು ಅಲ್ಲಾಡದಿದ್ದರೆ ಮತ್ತಷ್ಟು ಎಣ್ಣೆ ಸುರಿಯುವುದಲ್ಲ, ಬಗೆ ಬದಲಾಯಿಸಬೇಕು.

ಮುಟ್ಟಿದರೆ ಜಿಗುಟೇ ಇಲ್ಲ, ಗಾಜಿನಂತೆ ಗಟ್ಟಿ ಎಂದಾದರೆ ಅದು ಸೂಪರ್ ಗ್ಲೂ ಅಥವಾ ಎರಡು ಭಾಗ ಕಲಸಿ ಹಚ್ಚುವ ಎಪಾಕ್ಸಿ ಅಂಟು ಇರಬಹುದು. ಅವುಗಳ ದಾರಿಯೇ ಬೇರೆ, ಇಲ್ಲಿ ಹೇಳುವ ಮೆತ್ತನೆಯ ಉಪಾಯಗಳು ಅವಕ್ಕೆ ಸಾಲವು.

ಇನ್ನು ಮೂರು ಸಣ್ಣ ಪ್ರಶ್ನೆ ಕೇಳಿಕೊಳ್ಳಿ. ಈ ವಸ್ತುವಿನಲ್ಲಿ ಆಹಾರ ಇಡುತ್ತೀರಾ? ಇದರೊಳಗೆ ವಿದ್ಯುತ್ ಭಾಗಗಳಿವೆಯಾ? ನಿಮಗೆ ಒಂದು ರಾತ್ರಿ ಕಾಯಲು ಆಗುತ್ತದಾ? ಕೊನೆಯದು ನನ್ನ ಮಟ್ಟಿಗೆ ದೊಡ್ಡ ಪ್ರಶ್ನೆ. ಕಾಯುವ ತಾಳ್ಮೆ ಇದ್ದರೆ ಖಾರದ ದ್ರವವೇ ಬೇಕಾಗುವುದಿಲ್ಲ.

ಬಿಸಿ: ಮೊದಲು ಇದನ್ನೇ ಮಾಡಿ

ಅಂಟು ಬಿಸಿಗೆ ಮೆತ್ತಗಾಗುತ್ತದೆ. ಲೋಹಕ್ಕೆ ಬಿಸಿ ಬೇಗ ಹರಡುತ್ತದೆ, ಬಣ್ಣಕ್ಕೂ ಕೈ ತಡೆಯುವಷ್ಟು ಬಿಸಿಯಿಂದ ತೊಂದರೆ ಇಲ್ಲ. ಖರ್ಚೂ ಇಲ್ಲ. ಹೇರ್ ಡ್ರೈಯರನ್ನು ಒಂದು ಗೇಣಿನಷ್ಟು ದೂರ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಒಂದು ನಿಮಿಷ ಕೊಡಿ. ಮೂಲೆಯೊಂದನ್ನು ಉಗುರಿನಿಂದ ಎಬ್ಬಿಸಿ ನಿಧಾನಕ್ಕೆ ಎಳೆಯಿರಿ. ಸ್ಟಿಕ್ಕರನ್ನು ಮೇಲಕ್ಕೆ ಎಳೆಯುವ ಬದಲು ಅದರ ಮೈಮೇಲೇ ಮಡಚಿ ಹಿಂದಕ್ಕೆ ಸುಲಿಯಿರಿ. ಹೀಗೆ ಮಾಡಿದರೆ ಅಂಟು ಕಾಗದದ ಜೊತೆಗೇ ಬರುತ್ತದೆ, ಕಲೆ ಉಳಿಯುವ ಪ್ರಮೇಯವೇ ಕಡಿಮೆ.

ದಪ್ಪ ಲೋಹವಾದರೆ ಬಿಸಿಯನ್ನು ಅದೇ ಹೀರಿಕೊಂಡುಬಿಡುತ್ತದೆ, ಎರಡು ಮೂರು ನಿಮಿಷ ಬೇಕಾಗಬಹುದು. ಪಾತ್ರೆ, ಡಬ್ಬಿಗಾದರೆ ಒಳಗೆ ಬಿಸಿ ನೀರು ತುಂಬಿಸಿಟ್ಟರೆ ಸಾಕು, ಹೊರಗಿನ ಅಂಟು ಸಡಿಲಾಗುತ್ತದೆ. ಆದರೆ ಬಿಸಿ ಹಿಡಿದಿಡುವ ಎರಡು ಗೋಡೆಯ ಬಾಟಲಿಗೆ ಈ ಉಪಾಯ ನಡೆಯುವುದಿಲ್ಲ. ಒಳಗಿನ ಬಿಸಿ ಹೊರಗೆ ಬರಬಾರದು ಎಂದೇ ಅದನ್ನು ಮಾಡಿರುವುದು. ಅದಕ್ಕೆ ಹೊರಗಿನಿಂದ, ಬಿಸಿ ನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ.

ಹೀಟ್ ಗನ್ ಮಾತ್ರ ಬೇಡ. ಅದರ ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಬಣ್ಣ ಗುಳ್ಳೆ ಏಳಲು, ಲ್ಯಾಕರ್ ಕಂದಾಗಲು ಅಷ್ಟು ಬೇಕಿಲ್ಲ. ಬ್ಯಾಟರಿ ಇರುವ ವಸ್ತುವಿಗೆ ಹೇರ್ ಡ್ರೈಯರ್ ಕೂಡ ಜಾಸ್ತಿ ಹೊತ್ತು ಹಿಡಿಯಬೇಡಿ. ಯಾವ ದ್ರವ ಹಚ್ಚಿದ ಮೇಲೂ ಬಿಸಿ ಕೊಡಬೇಡಿ.

ಬಿಸಿಯ ನಂತರ ಉಳಿದ ತೆಳು ಜಿಗುಟಿಗೆ ನನಗೆ ಇಷ್ಟವಾದ ಉಪಾಯ ಇನ್ನೊಂದು ಟೇಪು. ಹೊಸ ಟೇಪಿನ ತುಂಡನ್ನು ಕಲೆಯ ಮೇಲೆ ಒತ್ತಿ, ಪಟ್ಟನೆ ಕೀಳಿ. ಅಂಟಿಗೆ ಅಂಟೇ ಹಿಡಿದುಕೊಂಡು ಬರುತ್ತದೆ. ಹತ್ತು ಹದಿನೈದು ಸಲ ಮಾಡಬೇಕು. ಕಲೆ ಹೊಸದಾಗಿದ್ದು ಮೆತ್ತಗಿದ್ದರೆ ದ್ರವವೇ ಬೇಡ. ಬಣ್ಣ ಸಡಿಲಾಗಿ ಏಳುತ್ತಿರುವ ಹಳೆಯ ವಸ್ತುವಿಗೆ ಮಾತ್ರ ಇದು ಸಲ್ಲದು, ಬಣ್ಣವೂ ಕಿತ್ತು ಬರುತ್ತದೆ. ಹೆಬ್ಬೆರಳಿನಿಂದ ಒತ್ತಿ ಉರುಳಿಸಿದರೂ ಸಣ್ಣ ಉಂಡೆಗಳಾಗಿ ಏಳುತ್ತದೆ.

ಅಡುಗೆ ಎಣ್ಣೆ: ನಿಧಾನ, ಆದರೆ ನಂಬಬಹುದು

ಎಣ್ಣೆಯ ದೊಡ್ಡ ಗುಣ ಅಂದರೆ ಅದು ಆರಿಹೋಗುವುದಿಲ್ಲ. ಹಚ್ಚಿಟ್ಟರೆ ಗಂಟೆಗಟ್ಟಲೆ ಅಂಟಿನೊಳಗೆ ಇಳಿಯುತ್ತಲೇ ಇರುತ್ತದೆ. ಬಣ್ಣ, ಪೌಡರ್ ಕೋಟಿಂಗ್, ಲ್ಯಾಕರ್, ಕ್ರೋಮ್, ಅನೋಡೈಸ್ ಯಾವುದಕ್ಕೂ ತೊಂದರೆ ಮಾಡುವುದಿಲ್ಲ. ಬೆಂಕಿ ಹೊತ್ತಿಕೊಳ್ಳುವ ಭಯ, ಘಾಟು ಎರಡೂ ಇಲ್ಲ. ಆಹಾರದ ಪಾತ್ರೆಗೂ ನಿಶ್ಚಿಂತೆಯಿಂದ ಬಳಸಬಹುದು.

ಕಾಗದ ಇನ್ನೂ ಇದ್ದರೆ ಅದರ ಮೇಲ್ಪದರವನ್ನು ಮೊದಲು ಕೆರೆದು ತೆಗೆಯಿರಿ. ಪ್ಲಾಸ್ಟಿಕ್ ಹೊದಿಕೆಯಿರುವ ಸ್ಟಿಕ್ಕರ್ ಮೇಲೆ ಎಣ್ಣೆ ಹಚ್ಚುವುದು ಸುಮ್ನೆ ದಂಡ, ಒಳಗೆ ಇಳಿಯುವುದೇ ಇಲ್ಲ. ಆಮೇಲೆ ಕಾಗದದ ಕರವಸ್ತ್ರವನ್ನು ಎಣ್ಣೆಯಲ್ಲಿ ನೆನೆಸಿ ಕಲೆಯ ಮೇಲೆ ಹೊದಿಸಿ. ಹೊಸ ಕಲೆಗೆ 20 ನಿಮಿಷ, ಹಳೆಯದಕ್ಕೆ ಒಂದು ರಾತ್ರಿ. ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ತಳ್ಳಿದರೆ ಅಂಟು ಕೆನೆಯಂತೆ ಗುಡ್ಡೆಯಾಗುತ್ತದೆ.

ಕೊರತೆಯೂ ಇದೆ. ಹಳೆಯ ಅಕ್ರಿಲಿಕ್ ಅಂಟಿಗೆ ಎಣ್ಣೆ ಅಷ್ಟಕ್ಕಷ್ಟೆ. ಇನ್ನೊಂದು, ಎಣ್ಣೆಯನ್ನು ಪೂರ್ತಿ ತೊಳೆಯದೆ ಬಿಟ್ಟರೆ ವಾರಗಳ ನಂತರ ಅದೇ ಗಾಳಿಗೆ ಗಟ್ಟಿಯಾಗಿ ಹೊಸ ಜಿಗುಟಾಗುತ್ತದೆ. ಒಲೆಯ ಹಿಂದಿನ ಗೋಡೆ ಮುಟ್ಟಿದರೆ ಬೆರಳಿಗೆ ಸಿಗುತ್ತದಲ್ಲ, ಅದೇ. ಆದ್ದರಿಂದ ಪಾತ್ರೆ ತೊಳೆಯುವ ಸೋಪು, ಬೆಚ್ಚಗಿನ ನೀರಿನಲ್ಲಿ ಎರಡು ಸಲ ತೊಳೆದು ಒಣ ಬಟ್ಟೆಯಲ್ಲಿ ಒರೆಸಿ.

ಎಣ್ಣೆಗೆ ಅಡುಗೆ ಸೋಡಾ ಕಲಸಿ ತಿಕ್ಕಿ ಅನ್ನುವ ಸಲಹೆ ಎಲ್ಲ ಕಡೆ ಕಾಣುತ್ತದೆ. ಮಂಕು ಸ್ಟೀಲಿನ ಪಾತ್ರೆಯಾದರೆ ಆಗಬಹುದು. ಕನ್ನಡಿ ಹೊಳಪಿಗೆ, ಬಣ್ಣಕ್ಕೆ, ಪೂಸು ಕೊಟ್ಟ ವಸ್ತುವಿಗೆ ನಾನು ಬೇಡ ಅನ್ನುತ್ತೇನೆ. ಸೋಡಾ ಮಾಡುವುದು ಉಜ್ಜುವ ಕೆಲಸ ಮಾತ್ರ. ಆ ಕೆಲಸವನ್ನು ಇನ್ನೊಂದು ಗಂಟೆ ನೆನೆಸುವುದೇ ಮಾಡಿಕೊಡುತ್ತದೆ, ಗೀರಿಲ್ಲದೆ.

ಐಸೊಪ್ರೊಪೈಲ್ ಆಲ್ಕೋಹಾಲ್: ಚೊಕ್ಕ ಕೆಲಸ

ಔಷಧಿ ಅಂಗಡಿಯಲ್ಲಿ, ಎಲೆಕ್ಟ್ರಾನಿಕ್ಸ್ ರಿಪೇರಿಯವರ ಮೇಜಿನ ಮೇಲೆ ಕಾಣುವ ದ್ರವ ಇದು. ಮನೆಯಲ್ಲಿ ಒಂದೇ ಒಂದು ಬಾಟಲಿ ಇಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ ಎಂದು ಹೇಳುತ್ತೇನೆ. ಅಕ್ರಿಲಿಕ್ ಅಂಟನ್ನು ಸಡಿಲಿಸುತ್ತದೆ, ಒಣಗಿದ ಮೇಲೆ ಏನೂ ಉಳಿಸುವುದಿಲ್ಲ, ತೊಳೆಯುವ ಕೆಲಸವೂ ಇಲ್ಲ. ಬರಿಯ ಸ್ಟೀಲ್, ಕ್ರೋಮ್, ಅನೋಡೈಸ್ ಅಲ್ಯೂಮಿನಿಯಂಗೆ ಧೈರ್ಯವಾಗಿ ಬಳಸಬಹುದು. ಚೆನ್ನಾಗಿ ಗಟ್ಟಿಯಾದ ಪೌಡರ್ ಕೋಟಿಂಗ್ ಕೂಡ ಬೇಗ ಒರೆಸಿ ತೆಗೆದರೆ ತಡೆಯುತ್ತದೆ. ಮುದ್ರಿಸಿದ ಅಕ್ಷರಗಳು, ಹಳೆಯ ಲ್ಯಾಕರ್ ತಡೆಯದಿರಬಹುದು. ಅಲ್ಲಿ ಮೊದಲು ಹೇಳಿದ ಬಿಳಿ ಬಟ್ಟೆಯ ಪರೀಕ್ಷೆ ತಪ್ಪಿಸಬೇಡಿ.

70 ಶೇಕಡಾದ್ದೋ 99 ಶೇಕಡಾದ್ದೋ? ಅಂಟಿಗೆ 99 ವಾಸಿ. 70ರಲ್ಲಿ ಉಳಿದದ್ದು ನೀರು, ನೀರು ಈ ಅಂಟನ್ನು ಕರಗಿಸುವುದಿಲ್ಲ. ಆದರೆ 99 ಕಣ್ಣು ಮಿಟುಕಿಸುವುದರೊಳಗೆ ಆರುತ್ತದೆ. ಅದಕ್ಕೇ ಜನ ಒರೆಸಿ ಒರೆಸಿ ಸುಸ್ತಾಗಿ ಇದು ಕೆಲಸ ಮಾಡಲ್ಲ ಅನ್ನುವುದು. ಹತ್ತಿಯನ್ನು ನೆನೆಸಿ ಕಲೆಯ ಮೇಲಿಟ್ಟು, ಮೇಲೊಂದು ಪ್ಲಾಸ್ಟಿಕ್ ಹಾಳೆ ಮುಚ್ಚಿ 5 ನಿಮಿಷ ಬಿಡಿ. ಆಮೇಲೆ ಒರೆಸಿ ನೋಡಿ, ಬೇರೆಯೇ ದ್ರವ ಅನ್ನಿಸುತ್ತದೆ. ಹ್ಯಾಂಡ್ ಸ್ಯಾನಿಟೈಸರ್ ಜೆಲ್‌ನಲ್ಲೂ ಆಲ್ಕೋಹಾಲ್ ಇರುತ್ತದೆ, ಜೆಲ್ ಆದ್ದರಿಂದ ನಿಧಾನಕ್ಕೆ ಆರುತ್ತದೆ. ತುರ್ತಿಗೆ ಅದೂ ಆದೀತು. ಜೆಲ್‌ನ ಉಳಿಕೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

ಲ್ಯಾಪ್‌ಟಾಪ್‌ನಂಥ ವಸ್ತುವಾದರೆ ಆಫ್ ಮಾಡಿ, ಪ್ಲಗ್ ಕಿತ್ತು, ದ್ರವವನ್ನು ಬಟ್ಟೆಗೆ ಹಾಕಿ. ವಸ್ತುವಿನ ಮೇಲೆ ಸುರಿಯಬೇಡಿ. ಬೆಂಕಿಯ ವಿಷಯದಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಸುಮಾರು 12 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇದರ ಆವಿ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಒಲೆ ಉರಿಯುತ್ತಿರುವ ಅಡುಗೆಮನೆ ಇದಕ್ಕೆ ಜಾಗವಲ್ಲ.

ಸೀಮೆಎಣ್ಣೆ, ಟರ್ಪೆಂಟೈನ್, ಅಂಗಡಿಯ ರಿಮೂವರ್

ಹಳದಿಗೆ ತಿರುಗಿದ ಹಳೆಯ ರಬ್ಬರ್ ಅಂಟಿಗೆ ಇವು ಎಣ್ಣೆಗಿಂತ ಬೇಗ ಕೆಲಸ ಮಾಡುತ್ತವೆ. ಬಣ್ಣದಂಗಡಿಯ ಮಿನರಲ್ ಟರ್ಪೆಂಟೈನ್ ಅನ್ನು ಗಟ್ಟಿಯಾದ ಬಣ್ಣದ ಮೇಲೂ ಸ್ವಲ್ಪ ಹೊತ್ತು ಬಳಸಬಹುದು. ಸೀಮೆಎಣ್ಣೆ ಅಗ್ಗ, ಆದರೆ ವಾಸನೆ ಹೋಗಲು ದಿನಗಳೇ ಬೇಕು. ಊಟದ ಪಾತ್ರೆಗೆ ಎರಡೂ ಬೇಡ. ಗೇಟು, ಉಪಕರಣದ ಪೆಟ್ಟಿಗೆ, ಸೈಕಲ್ ಫ್ರೇಮ್ ಇಂಥದ್ದಕ್ಕೆ ಇರಲಿ. ತುಕ್ಕು ಬಿಡಿಸಲು ಬಳಸುವ ಡಬ್ಲ್ಯೂಡಿ-40 ಕೂಡ ಇದೇ ಗುಂಪಿನದು. ಸ್ಪ್ರೇ ಆದ್ದರಿಂದ ಸಂದಿಗೆ ಹೋಗುತ್ತದೆ, ಎಣ್ಣೆಯ ಪದರ ಬಿಡುತ್ತದೆ, ಸೋಪಿನಲ್ಲಿ ತೊಳೆಯಬೇಕು.

ಅಂಟು ತೆಗೆಯಲೆಂದೇ ಮಾರುವ ರಿಮೂವರ್‌ಗಳಲ್ಲಿ ಕೆಲವು ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆಯಿಂದ ಮಾಡಿದವು. ಅದರಲ್ಲಿರುವ ಲಿಮೊನೀನ್ ರಬ್ಬರ್ ಅಂಟನ್ನು ಚೆನ್ನಾಗಿ ಕರಗಿಸುತ್ತದೆ. ವರ್ಷಕ್ಕೊಂದು ಸ್ಟಿಕ್ಕರ್ ಕೀಳುವವರಿಗೆ ಇದಕ್ಕೆ ಹಣ ಹಾಕುವ ಅಗತ್ಯ ಕಾಣುವುದಿಲ್ಲ. ಹಳೆಯ ಸಾಮಾನು ಕೊಂಡು ಚೊಕ್ಕ ಮಾಡಿ ಮಾರುವವರು, ಡಜನ್‌ಗಟ್ಟಲೆ ಡಬ್ಬಿಗಳ ಲೇಬಲ್ ಬದಲಿಸುವವರಿಗೆ ಹಾಕಿದ ಹಣ ಉಳಿಯುವ ಸಮಯದಲ್ಲೇ ವಾಪಸ್ ಬರುತ್ತದೆ. ಆದರೆ ಹಣ್ಣಿನದು ಎಂದ ಮಾತ್ರಕ್ಕೆ ಸೌಮ್ಯ ಎಂದುಕೊಳ್ಳಬೇಡಿ. ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಅದು ಕರಗಿಸುತ್ತದೆ, ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಕೈಗವಸು ಹಾಕಿಕೊಳ್ಳಿ. ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿಯನ್ನೂ ಓದಿ. ರಿಮೂವರ್ ಎಂಬ ಹೆಸರಿನಲ್ಲೇ ಅಸಿಟೋನ್ ಇರುವ ಡಬ್ಬಿಗಳೂ ಇರುತ್ತವೆ.

ಪೆಟ್ರೋಲ್ ಬಗ್ಗೆ ಒಂದೇ ಮಾತು. ಬೇಡ. ಅದರ ಆವಿ ಕೊರೆಯುವ ಚಳಿಯಲ್ಲೂ ಹೊತ್ತಿಕೊಳ್ಳುತ್ತದೆ, ನೆಲದ ಮೇಲೆ ಹರಿದು ದೂರದ ಕಿಡಿಯನ್ನು ಮುಟ್ಟುತ್ತದೆ.

ಅಸಿಟೋನ್, ಥಿನ್ನರ್: ಬರಿಯ ಲೋಹಕ್ಕೆ ಮಾತ್ರ

ವೇಗದಲ್ಲಿ ಇವನ್ನು ಮೀರಿಸುವುದು ಯಾವುದೂ ಇಲ್ಲ. ಬಣ್ಣವಿಲ್ಲದ, ಲೇಪನವಿಲ್ಲದ ಸ್ಟೀಲ್ ಎಂದು ನಿಮಗೆ ಖಾತ್ರಿಯಿದ್ದರೆ ಅಸಿಟೋನ್ ಬಳಸಲು ಹಿಂಜರಿಯಬೇಕಿಲ್ಲ, ಲೋಹಕ್ಕೆ ಏನೂ ಆಗುವುದಿಲ್ಲ. ಆ ಖಾತ್ರಿ ಇಲ್ಲದಿದ್ದರೆ ಮುಟ್ಟಬೇಡಿ. ಬಣ್ಣ, ಲ್ಯಾಕರ್, ಪೌಡರ್ ಕೋಟಿಂಗ್, ಮುದ್ರಣ ಎಲ್ಲವನ್ನೂ ಇದು ಅಂಟೆಂದೇ ಭಾವಿಸುತ್ತದೆ. ಪಕ್ಕದ ಪ್ಲಾಸ್ಟಿಕ್ ಹಿಡಿಕೆಗೆ ಒಂದು ಹನಿ ಬಿದ್ದರೂ ಅಲ್ಲಿ ಗುರುತು. ಇದರ ಆವಿ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲೂ ಹೊತ್ತಿಕೊಳ್ಳಬಲ್ಲದು, ಹಾಗಾಗಿ ಕಿಟಕಿ ತೆರೆದ ಕೋಣೆಯೇ ಬೇಕು. ನೈಲ್ ಪಾಲಿಶ್ ರಿಮೂವರ್‌ನಲ್ಲಿ ಬಣ್ಣ, ಸುವಾಸನೆ, ಎಣ್ಣೆ ಸೇರಿಸಿರುತ್ತಾರೆ. ಅಸಿಟೋನ್ ಇಲ್ಲದ್ದು ಎಂದು ಬರೆದ ರಿಮೂವರ್‌ನಲ್ಲೂ ಬಣ್ಣ ಎಬ್ಬಿಸುವ ಬೇರೆ ದ್ರವ ಇರುತ್ತದೆ. ಆ ಬರಹ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಬಣ್ಣದ ಥಿನ್ನರ್ ಇನ್ನೂ ಖಾರ, ಘಾಟೂ ಜಾಸ್ತಿ. ಮನೆಯ ಕೆಲಸಕ್ಕೆ ಅದು ಬೇಕಾಗುವ ಸಂದರ್ಭ ನನಗಂತೂ ಬಂದಿಲ್ಲ.

ಉಜ್ಜುವ ವಸ್ತುಗಳು, ಮತ್ತು ದೂರವಿಡಬೇಕಾದ ಇನ್ನು ಕೆಲವು

ಸ್ಟೀಲ್ ಉಣ್ಣೆ ಸ್ಟೇನ್‌ಲೆಸ್ ಸ್ಟೀಲಿಗೆ ಎರಡು ಪಟ್ಟು ಕೆಟ್ಟದ್ದು. ಗೀರುವುದು ಒಂದು. ಅದರ ಕಬ್ಬಿಣದ ಚೂರುಗಳು ಸಿಕ್ಕಿಕೊಂಡು, ಆಮೇಲೆ ತುಕ್ಕು ಹಿಡಿದು ಕಂದು ಚುಕ್ಕೆಗಳಾಗುವುದು ಇನ್ನೊಂದು. ಆಗ ಜನ ಸ್ಟೀಲೇ ಸರಿಯಿಲ್ಲ ಅನ್ನುತ್ತಾರೆ. ಬಿಳಿಯ ಮೆಲಮೈನ್ ಸ್ಪಂಜು ಮುಟ್ಟಲು ಮೆತ್ತಗಿದ್ದರೂ ತುಂಬಾ ಸಣ್ಣ ಮರಳುಕಾಗದದ ಹಾಗೆ ಕೆಲಸ ಮಾಡುತ್ತದೆ. ಹೊಳೆಯುವ ಬಣ್ಣವನ್ನು ಮಂಕಾಗಿಸುತ್ತದೆ. ಬ್ಲೇಡು, ಚಾಕು ಬೇಡವೇ ಬೇಡ. ಕೆರೆಯಲು ಪ್ಲಾಸ್ಟಿಕ್ ಕಾರ್ಡು, ಮರದ ಚಮಚ, ನಿಮ್ಮ ಉಗುರು ಸಾಕು. ಇವೆಲ್ಲ ಲೋಹಕ್ಕಿಂತ ಮೆತ್ತಗೆ.

ವಿನೆಗರ್ ಸ್ಟಿಕ್ಕರ್ ಅಂಟಿಗೆ ಹೆಚ್ಚೇನೂ ಮಾಡುವುದಿಲ್ಲ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ, ಸತು ಲೇಪನದ ಮೇಲೆ ಕಲೆ ಮಾತ್ರ ಮಾಡಬಲ್ಲದು. ಬ್ಲೀಚ್ ಅಂಟನ್ನು ತೆಗೆಯುವುದೂ ಇಲ್ಲ, ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸಣ್ಣ ಗುಳಿಗಳನ್ನು ಕೊರೆಯಬಲ್ಲದು. ಅಮೋನಿಯಾ ಇರುವ ಗಾಜು ಒರೆಸುವ ದ್ರವ ತಾಮ್ರ, ಹಿತ್ತಾಳೆಯ ಹತ್ತಿರ ಬರಬಾರದು.

ಯಾರಿಗೆ ಯಾವುದು

ಹೊಸ ಊಟದ ಡಬ್ಬಿ, ಪಾತ್ರೆಯ ಲೇಬಲ್ ಆದರೆ ಬಿಸಿ ನೀರು, ಆಮೇಲೆ ಎಣ್ಣೆ, ಕೊನೆಗೆ ಸೋಪು. ಒಂದು ರೂಪಾಯಿಯೂ ಖರ್ಚಿಲ್ಲ.

ಬಣ್ಣದ ಬಾಟಲಿ, ಪೌಡರ್ ಕೋಟಿಂಗ್ ಮಾಡಿದ ಸೈಕಲ್, ಲ್ಯಾಕರ್ ಇರುವ ಹಿತ್ತಾಳೆ ಇವಕ್ಕೆ ಬಿಸಿ, ಎಣ್ಣೆ ಇವೆರಡರಲ್ಲೇ ಮುಗಿಸಲು ನೋಡಿ. ಬೇಕಾದರೆ ಎರಡು ರಾತ್ರಿ ನೆನೆಸಿ. ಆಗದಿದ್ದರೆ ಪರೀಕ್ಷೆ ಮಾಡಿ ಆಲ್ಕೋಹಾಲ್. ಅಲ್ಲಿಂದ ಮುಂದೆ ಹೋಗಬೇಡಿ. ಇಂಥ ವಸ್ತುವಿನಲ್ಲಿ ಸ್ವಲ್ಪ ಅಂಟು ಉಳಿದರೆ ನಾಳೆಯೂ ತೆಗೆಯಬಹುದು, ಹೋದ ಬಣ್ಣ ಮರಳಿ ಬರುವುದಿಲ್ಲ ಅಲ್ವಾ?

ಲ್ಯಾಪ್‌ಟಾಪ್, ಫೋನ್‌ನ ಲೋಹದ ಬೆನ್ನಿಗೆ ನೇರವಾಗಿ ಆಲ್ಕೋಹಾಲ್. ಎಣ್ಣೆ ಇಲ್ಲಿ ಸಂದಿಗಳಿಗೆ, ಸ್ಪೀಕರ್ ರಂಧ್ರಗಳಿಗೆ ಇಳಿದರೆ ತೆಗೆಯುವುದು ಕಷ್ಟ. ಕ್ರೋಮ್ ನಲ್ಲಿಗೂ ಇದೇ ಸಾಕು.

ವರ್ಷಗಟ್ಟಲೆ ಬಿಸಿಲು ತಿಂದ ಸ್ಟಿಕ್ಕರ್, ಉಪಕರಣದ ಮೇಲೆ ತೆಗೆಯದೆ ಬಿಟ್ಟ ರಕ್ಷಣೆಯ ಪ್ಲಾಸ್ಟಿಕ್ ಹಾಳೆ ಇವು ಬೇರೆಯೇ ಜಾತಿ. ಹಾಳೆ ಪುಡಿಪುಡಿಯಾಗಿ ಒಡೆಯುತ್ತದೆ, ಅಂಟು ಒಣಗಿ ಕಲ್ಲಾಗಿರುತ್ತದೆ. ಒಂದಂಗೈ ಅಗಲವನ್ನು ಮಾತ್ರ ಬಿಸಿ ಮಾಡಿ, ಸುಲಿದು, ಮುಂದಿನ ಅಂಗೈ ಅಗಲಕ್ಕೆ ಹೋಗಿ. ಉಳಿದದ್ದಕ್ಕೆ ರಾತ್ರಿಯಿಡೀ ಎಣ್ಣೆ, ಅಥವಾ ಲಿಮೊನೀನ್ ಇರುವ ರಿಮೂವರ್. ಇದೊಂದು ಕೆಲಸಕ್ಕೆ ರಿಮೂವರ್ ಕೊಂಡರೆ ತಪ್ಪಿಲ್ಲ.

ಎರಡೂ ಬದಿ ಅಂಟುವ ಸ್ಪಂಜಿನ ಟೇಪಿಗೆ ದ್ರವಕ್ಕಿಂತ ಮೊದಲು ದಾರ ಬೇಕು. ಮೀನು ಹಿಡಿಯುವ ನೈಲಾನ್ ದಾರವೋ ಹಲ್ಲಿನ ಸಂದಿ ಶುಚಿ ಮಾಡುವ ದಾರವೋ ತೆಗೆದುಕೊಂಡು, ಬಿಸಿ ಮಾಡಿದ ಮೇಲೆ ಗರಗಸದಂತೆ ಆಚೀಚೆ ಎಳೆದು ಸ್ಪಂಜನ್ನು ನಡುವೆ ಸೀಳಿ. ಲೋಹಕ್ಕೆ ಅಂಟಿ ಉಳಿದ ಸ್ಪಂಜನ್ನು ಹೆಬ್ಬೆರಳಿನಿಂದ ಉರುಳಿಸಿ ತೆಗೆದು, ಕೊನೆಯ ತೆಳು ಪದರಕ್ಕೆ ಮಾತ್ರ ಆಲ್ಕೋಹಾಲ್ ಹಚ್ಚಿ. ಹೊಸ ಟೇಪು ಅಂಟಿಸುವುದಿದ್ದರೆ ಎಣ್ಣೆ ಬಳಸಿದ ಜಾಗವನ್ನು ಸೋಪಿನಲ್ಲಿ ತೊಳೆದು ಆಲ್ಕೋಹಾಲ್‌ನಲ್ಲೂ ಒರೆಸಬೇಕು, ಇಲ್ಲದಿದ್ದರೆ ಹಿಡಿಯುವುದೇ ಇಲ್ಲ.

ಒಂದು ಸಲ ಒಂದೇ ದ್ರವ. ಇನ್ನೊಂದಕ್ಕೆ ಹೋಗುವ ಮೊದಲು ತೊಳೆದು ಒಣಗಿಸಿ. ದ್ರವ ಕುಡಿದ ಬಟ್ಟೆಗಳನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕದೆ, ಹೊರಗೆ ಹರಡಿ ಒಣಗಿಸಿ ಆಮೇಲೆ ಬಿಸಾಡಿ.

ಎಲ್ಲ ಮುಗಿದ ಮೇಲೆ ಕೆಲವೊಮ್ಮೆ ಹೀಗಾಗುತ್ತದೆ: ಬಟ್ಟೆ ಬಿಳಿಯಾಗಿಯೇ ಬರುತ್ತಿದೆ, ಬೆರಳಿಗೆ ಜಿಗುಟು ಸಿಗುತ್ತಿಲ್ಲ, ಆದರೂ ಸ್ಟಿಕ್ಕರಿನ ಚೌಕ ಕಾಣುತ್ತಲೇ ಇದೆ. ಅಲ್ಲಿ ಅಂಟು ಇಲ್ಲ. ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿದೆ, ಸ್ಟಿಕ್ಕರಿನ ಅಡಿ ಮಾಸಿಲ್ಲ. ತಾಮ್ರ, ಹಿತ್ತಾಳೆಯಾದರೆ ಸುತ್ತಲಿನದು ಕಂದಿದೆ, ಅಡಿಯದು ಹೊಸದಾಗಿಯೇ ಉಳಿದಿದೆ. ಬಣ್ಣದ ವಸ್ತುವಾದರೆ ಅಲ್ಲಿಗೆ ಕೈ ನಿಲ್ಲಿಸಿ, ಯಾವ ದ್ರವದಿಂದಲೂ ಅದು ಹೋಗುವುದಿಲ್ಲ. ಲ್ಯಾಕರ್ ಇಲ್ಲದ ತಾಮ್ರ, ಹಿತ್ತಾಳೆಯಾದರೆ ಆ ಚೌಕವನ್ನು ಬಿಟ್ಟು ಸುತ್ತಲಿನ ಭಾಗಕ್ಕೆ ಪಾಲಿಶ್ ಹಚ್ಚಿ, ಎರಡೂ ಒಂದಾಗುತ್ತವೆ.